ಎಟಿಆರ್ ಕೋ-ಪೈಲಟ್ ಕೆಲಸಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಕೆಲಸಕ್ಕೆ ಅಲೆಯುತ್ತಿರುವವರು ಓದಿ. ಅವರ ಅಪ್ಪ ಅಮ್ಮನೂ ಓದಲಿ, ಯಾಕಂದರೆ ದುಡ್ಡು ಹೋಗೋದು ಅವರದ್ದು. ಸಣ್ಣ ಊರುಗಳಿಗೆ ಎಟಿಆರ್, ಅಂದರೆ ಎರಡು ಪ್ರೊಪೆಲರ್‌ನ ಸಣ್ಣ ವಿಮಾನ ಓಡಿಸುವ ಒಂದು ಪ್ರಾದೇಶಿಕ ಏರ್‌ಲೈನ್ ನನಗೆ ಏನು ಮಾಡಿತು ಅಂತ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. ನನ್ನ ನೋಟಿಸ್ ಅವಧಿ ಇನ್ನೂ ನಡೆಯುತ್ತಿದೆ, ಬೇರೆ ಕಂಪನಿಗೆ ಸೇರಲು ಬೇಕಾದ ನನ್ನ ಎನ್‌ಒಸಿ ಅವರ ಕೈಯಲ್ಲಿದೆ. ಅವರು ಸಹಿ ಹಾಕಿಸುವ ಕಾಗದ ಹೇಗಿರುತ್ತದೆ ಅಂತ ತಿಳಿದರೆ ಸಾಕು. ಅದೇ ಕಾಗದ ಬೇರೆ ಕಂಪನಿಯ ಹೆಸರಲ್ಲಿ ನಿಮಗೂ ಬರಬಹುದು.

ಇಂಟರ್ವ್ಯೂನಲ್ಲಿ ಹೇಳಿದ್ದು ಇಷ್ಟು. ತಿಂಗಳಿಗೆ 70 ಗಂಟೆ ಗ್ಯಾರಂಟಿ. ಹಾರಿದರೂ ಹಾರದಿದ್ದರೂ 70 ಗಂಟೆಯ ಫ್ಲೈಯಿಂಗ್ ಅಲೋಯನ್ಸ್ ಬರುತ್ತದೆ, ಅದರ ಮೇಲೆ ಫಿಕ್ಸೆಡ್ ಸಂಬಳ, ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ. ಈ ಫೀಲ್ಡಿನಲ್ಲಿ ಇರುವವರಿಗೆ ಗೊತ್ತು, ಗ್ಯಾರಂಟಿ ಗಂಟೆ ಅನ್ನೋದೇ ನಮ್ಮ ಊಟ. ಫಿಕ್ಸೆಡ್ ಅನ್ನೋದು ಹೆಸರಿಗೆ ಮಾತ್ರ ಇರುತ್ತದೆ. ನಾನು ಎರಡು ಸಲ ಕೇಳಿದೆ. "ಹೌದು ಕ್ಯಾಪ್ಟನ್, 70 ಗ್ಯಾರಂಟಿ" ಅಂತ ಎರಡು ಸಲವೂ ಹೇಳಿದರು. ಇನ್ನೂ ಕೋ-ಪೈಲಟ್ ಕೂಡ ಆಗದವನನ್ನು ಕ್ಯಾಪ್ಟನ್ ಅಂತ ಕರೆಯುತ್ತಿದ್ದರು.

ಆಮೇಲೆ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿಯ ವಿಮಾನ ಓಡಿಸಲು ಬೇಕಾದ ತರಬೇತಿಯ ದುಡ್ಡು. 18 ಲಕ್ಷ, ಅದರ ಮೇಲೆ ಜಿಎಸ್‌ಟಿ. ನನ್ನ ಜೇಬಿನಿಂದ. ಅಂದರೆ ನಮ್ಮಪ್ಪನ ಜೇಬಿನಿಂದ. ಸಿಪಿಎಲ್‌ಗೆ ಆಗಲೇ ಬ್ಯಾಂಕಿನಲ್ಲಿ ಸಾಲ ಇತ್ತು, ಇದಕ್ಕೆ ಅಡಿಕೆ ತೋಟದ ಮೇಲೆ ತೆಗೆದರು. ದುಡ್ಡು ಕಟ್ಟಿ, ರಸೀದಿ ತಗೊಂಡು, ಟ್ರೈನಿಂಗ್ ಶುರುವಾಗುವ ಹಿಂದಿನ ದಿನ ಬಾಂಡ್ ಮುಂದಿಟ್ಟರು. 5 ವರ್ಷ. ಮಧ್ಯೆ ಬಿಟ್ಟರೆ 25 ಲಕ್ಷ. ಜೊತೆಗೆ ತಾರೀಖು ಹಾಕದ, ಸಹಿ ಮಾಡಿದ ಚೆಕ್‌ಗಳು.

ನಾನೇ ದುಡ್ಡು ಕೊಟ್ಟ ಟ್ರೈನಿಂಗ್‌ಗೆ ನಾನೇ ಬಾಂಡ್ ಯಾಕೆ ಬರೆದುಕೊಡಬೇಕು ಅಂತ ಕೇಳಿದೆ. ಎಚ್‌ಆರ್ ಹೇಳಿದ್ದು ಇದು. "ಸರ್, ನೀವು ಕಟ್ಟಿದ್ದು ಸಿಮ್ಯುಲೇಟರ್‌ಗೆ. ಬಾಂಡ್ ಇರೋದು ಲೈನ್ ಟ್ರೈನಿಂಗ್‌ಗೆ. ಅದಕ್ಕೆ ಕಂಪನಿಗೆ ಖರ್ಚು ಬರುತ್ತಲ್ವಾ?"

ಲೈನ್ ಟ್ರೈನಿಂಗ್ ಅಂದರೆ ಏನು? ಟ್ರೈನಿಂಗ್ ಕ್ಯಾಪ್ಟನ್ ಪಕ್ಕ ಕೂತು ಮಾಮೂಲಿ ಹಾರಾಟವನ್ನೇ ಮಾಡೋದು. ಹಿಂದೆ ಟಿಕೆಟ್ ತಗೊಂಡ ಪ್ರಯಾಣಿಕರು ಕೂತಿರುತ್ತಾರೆ. ಆ ವಿಮಾನ ನನಗೋಸ್ಕರ ಹಾರುತ್ತಿಲ್ಲ. ಅಲ್ಲಿ ಅವರಿಗೆ 25 ಲಕ್ಷ ಎಲ್ಲಿ ಖರ್ಚಾಯಿತು ಅಂತ ಲೆಕ್ಕ ಕೇಳಿದೆ. ಇವತ್ತಿನವರೆಗೂ ಕೊಟ್ಟಿಲ್ಲ. "ಇದು ಇಂಡಸ್ಟ್ರಿಯಲ್ಲಿ ಎಲ್ಲರೂ ಮಾಡೋದೇ" ಅಂದರು. 18 ಲಕ್ಷ ಅವರ ಖಾತೆಗೆ ಹೋದಮೇಲೆ ಯಾರು ತಾನೇ ಎದ್ದು ಬರುತ್ತಾರೆ? ಅದು ಗೊತ್ತಿದ್ದೇ ಮೊದಲು ದುಡ್ಡು, ಆಮೇಲೆ ಬಾಂಡ್.

ಟ್ರೈನಿಂಗ್ ತಿಂಗಳುಗಳಲ್ಲಿ ಸ್ಟೈಪೆಂಡ್ 25 ಸಾವಿರ. ಪರವಾಗಿಲ್ಲ, ರಿಲೀಸ್ ಆದಮೇಲೆ, ಅಂದರೆ ಟ್ರೈನಿಂಗ್ ಮುಗಿದು ಕೋ-ಪೈಲಟ್ ಆಗಿ ಹಾರಲು ಒಪ್ಪಿಗೆ ಸಿಕ್ಕಮೇಲೆ, ಪೂರ್ತಿ ಸಂಬಳ ಅಂತ ಕಾದೆ. ರಿಲೀಸ್ ಚೆಕ್ ಆಯಿತು. ಲೈನಿಗೆ ಬಂದೆ. ಮನೆಯಲ್ಲಿ ಸಿಹಿ ಹಂಚಿದರು. ತಿಂಗಳ ಕೊನೆಗೆ ಬ್ಯಾಂಕ್ ಮೆಸೇಜ್ ಬಂತು. 58 ಸಾವಿರ.

ತಪ್ಪಾಗಿ ಹಾಕಿರಬೇಕು ಅಂತ ಅಂದುಕೊಂಡೆ. ಪೇಸ್ಲಿಪ್ ತೆಗೆದು ನೋಡಿದೆ. ಫಿಕ್ಸೆಡ್ 40 ಸಾವಿರ, ಉಳಿದದ್ದು ನಾನು ನಿಜವಾಗಿ ಹಾರಿದ ಗಂಟೆಗಳಿಗೆ ಮಾತ್ರ, ಅದರಲ್ಲಿ ಕಡಿತ. ಆ ತಿಂಗಳು ಕಂಪನಿಯ ಅರ್ಧ ವಿಮಾನಗಳು ಬಿಡಿಭಾಗ ಬಂದಿಲ್ಲ ಅಂತ ನೆಲದ ಮೇಲಿದ್ದವು. ವಿಮಾನವೇ ಇಲ್ಲ ಅಂದರೆ ನಾನು ಎಲ್ಲಿ ಹಾರಲಿ? ಗ್ಯಾರಂಟಿ ಇರೋದು ಅಂಥ ತಿಂಗಳಿಗೇ ಅಲ್ವಾ?

ಪೇರೋಲ್‌ಗೆ ಫೋನ್ ಮಾಡಿದೆ. ಎಚ್‌ಆರ್‌ಗೆ ಕೇಳಿ ಅಂದರು. ಎಚ್‌ಆರ್ ಆಪರೇಷನ್ಸ್‌ಗೆ ಕೇಳಿ ಅಂದರು. ಕೊನೆಗೆ ಒಬ್ಬರು ನಿಧಾನವಾಗಿ, ಮಗುವಿಗೆ ಹೇಳಿದ ಹಾಗೆ ಹೇಳಿದರು. "ಕ್ಯಾಪ್ಟನ್, ನಿಮ್ಮ ಆಫರ್ ಲೆಟರ್‌ನ ಅನುಬಂಧ ನೋಡಿ. ಅಲೋಯನ್ಸ್‌ಗಳು ಕಾಲಕಾಲಕ್ಕೆ ಕಂಪನಿ ನಿಗದಿ ಮಾಡಿದಂತೆ ಅಂತ ಇದೆ. ಗ್ಯಾರಂಟಿಯನ್ನು ಹೋದ ತಿಂಗಳೇ ತೆಗೆದಿದ್ದೀವಿ. ಮೇಲ್ ಬಂದಿರುತ್ತಲ್ಲ." ಹೌದು, ಮೇಲ್ ಬಂದಿತ್ತು. ನಾನು ರಿಲೀಸ್ ಆಗುವ ಸ್ವಲ್ಪ ಮುಂಚೆ, ಎಲ್ಲ ಪೈಲಟ್‌ಗಳಿಗೂ, "ನೀತಿಯ ಪರಿಷ್ಕರಣೆ" ಅನ್ನುವ ತಲೆಬರಹದಲ್ಲಿ. ನಾನು 5 ವರ್ಷ ಬದಲಾಯಿಸುವ ಹಾಗಿಲ್ಲ. ಅವರು ಒಂದು ಮೇಲ್‌ನಲ್ಲಿ ಬದಲಾಯಿಸಬಹುದು. ನಾನು ಎರಡು ಸಲ ಕೇಳಿದ್ದ 70 ಗಂಟೆ ಅಲ್ಲಿಗೆ ಮುಗಿಯಿತು.

ಬ್ಯಾಂಕಿನ ಕಂತೇ 70 ಸಾವಿರದ ಮೇಲಿದೆ. ಊರಿಗೆ ಹೋದರೆ ನಮ್ಮ ಮಾವ ಎಲ್ಲರ ಎದುರಿಗೆ, "ನಿನಗೇನಪ್ಪಾ, ಲಕ್ಷಗಟ್ಟಲೆ ಎಣಿಸ್ತೀಯ" ಅನ್ನುತ್ತಾರೆ. ಅದೇ ರಾತ್ರಿ ಅಪ್ಪನ ಹತ್ತಿರ ಕಂತಿಗೆ ದುಡ್ಡು ಕೇಳಬೇಕು. "ಇರಲಿ ಬಿಡೋ, ಅಡಿಕೆ ಕೊಟ್ಟ ದುಡ್ಡಿದೆ" ಅನ್ನುತ್ತಾರೆ ಅಪ್ಪ. ಯೂನಿಫಾರ್ಮ್ ಹಾಕಿಕೊಂಡು ಅಪ್ಪನ ಮುಂದೆ ಕೈ ಚಾಚುವುದು ಎಂಥ ಅವಮಾನ ಅಂತ ಆ ಪೇರೋಲ್‌ನವರಿಗೆ ಹೇಗೆ ಅರ್ಥವಾಗಬೇಕು!

ಕೆಲಸದ ವಿಷಯ ಹೇಳುತ್ತೇನೆ. ವಿಮಾನ ಇಲ್ಲದ ವಾರ ಸುಮ್ನೆ ಸ್ಟ್ಯಾಂಡ್‌ಬೈ ಕೂರಿಸುತ್ತಾರೆ, ಅದಕ್ಕೆ ಗಂಟೆಯ ದುಡ್ಡಿಲ್ಲ. ವಿಮಾನ ಸರಿಯಾದ ವಾರ ಹಿಂಡುತ್ತಾರೆ. ಸಣ್ಣ ಸೆಕ್ಟರ್‌ಗಳು, ದಿನಕ್ಕೆ ಆರು ಲ್ಯಾಂಡಿಂಗ್. ದೊಡ್ಡ ಜೆಟ್‌ನವರು ಒಂದು ಉದ್ದದ ಹಾರಾಟದಲ್ಲಿ ಜಾಸ್ತಿ ಗಂಟೆ ಸಂಪಾದಿಸುತ್ತಾರೆ. ನಮಗೆ ಹತ್ತುವುದು, ಇಳಿಯುವುದು, ಬಿಸಿಲಲ್ಲಿ ನಿಲ್ಲುವುದು, ಮತ್ತೆ ಹತ್ತುವುದು. ಹನ್ನೊಂದು ಗಂಟೆ ಡ್ಯೂಟಿ ಮಾಡಿದರೆ ದುಡ್ಡು ಸಿಗೋದು ಅದರ ಅರ್ಧಕ್ಕೆ. ಒಂದು ಊರಿಂದ ಇನ್ನೊಂದು ಊರಿಗೆ ರಾತ್ರಿ ಟ್ಯಾಕ್ಸಿಯಲ್ಲಿ ಕಳಿಸಿ, ಬೆಳಗ್ಗೆ ಹಾರಿ ಅನ್ನುತ್ತಾರೆ. ನಿಯಮದ ಪ್ರಕಾರ ಆ ಪ್ರಯಾಣವೂ ಡ್ಯೂಟಿಯೇ. ರೋಸ್ಟರ್‌ನವರನ್ನು ಕೇಳಿದರೆ, "ಟ್ಯಾಕ್ಸಿಯಲ್ಲಿ ಮಲಗಬಹುದಲ್ಲ ಸರ್" ಅಂದರು.

2024ರ ಜನವರಿಯಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಹೊಸ ನಿಯಮ ತಂದು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿತು. ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದಮೇಲೆ, 2025ರಲ್ಲಿ ಎರಡು ಹಂತದಲ್ಲಿ ಜಾರಿಗೆ ಬಂತು. ನಿಯಮ ಒಳ್ಳೆಯದೇ. ಆದರೆ ಫಟೀಗ್ ರಿಪೋರ್ಟ್ (ದಣಿದಿದ್ದೇನೆ ಅಂತ ಕಂಪನಿಗೆ ಕೊಡುವ ವರದಿ) ಬರೆಯಬೇಕಾದವನು 25 ಲಕ್ಷದ ಬಾಂಡ್‌ನಲ್ಲಿದ್ದರೆ ಅವನು ಬರೆಯುತ್ತಾನಾ? ನಾನು ಬರೆದೆ. ಮರುದಿನವೇ ಫೋನ್. "ಏನು ಕ್ಯಾಪ್ಟನ್, ಇಷ್ಟು ಚಿಕ್ಕ ವಯಸ್ಸಿಗೇ ಸುಸ್ತಾ? ಮುಂದೆ ಕಮಾಂಡ್ ಬೇಡ್ವಾ ನಿಮಗೆ?" ಕಮಾಂಡ್ ಅಂದರೆ ಕ್ಯಾಪ್ಟನ್ ಹುದ್ದೆ.

ಇದು ನಮ್ಮ ಸಂಬಳದ ಗೋಳು ಮಾತ್ರ ಅಂತ ಪ್ರಯಾಣಿಕರು ಅಂದುಕೊಳ್ಳಬೇಡಿ. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ಅನ್ನುವ ಪ್ರಾದೇಶಿಕ ಕಂಪನಿಯ ವಿಮಾನ ಬಿತ್ತು. ನಮ್ಮ ಹಾಗೆಯೇ ಎರಡು ಪ್ರೊಪೆಲರ್‌ನ ವಿಮಾನ. 50 ಜನ ಸತ್ತರು. 24 ವರ್ಷದ ಕೋ-ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ಬೇರೆ ವಿಮಾನಗಳಲ್ಲಿ ಬಂದು, ನ್ಯೂವಾರ್ಕ್‌ನ ಸಿಬ್ಬಂದಿ ಕೋಣೆಯಲ್ಲಿ ಒರಗಿ ಡ್ಯೂಟಿಗೆ ಹೋಗಿದ್ದಳು. ವೇಗ ಕುಗ್ಗಿ ವಿಮಾನ ಬೀಳಬಹುದು ಅನ್ನುವ ಸ್ಟಾಲ್ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ದಣಿವಿನಿಂದ ಇಬ್ಬರ ಕೆಲಸವೂ ಕುಗ್ಗಿದ್ದಿರಬೇಕು ಅಂತಲೂ ಹೇಳಿತು. ಅವಳ ಸಂಬಳ ಎಷ್ಟು ಕಡಿಮೆ ಇತ್ತು ಅನ್ನೋದು ವಿಚಾರಣೆಯಲ್ಲೇ ಚರ್ಚೆಯಾಯಿತು. ಅದರ ಬಗ್ಗೆ ಓದಿದಾಗ ನನಗೆ ಆ ಟ್ಯಾಕ್ಸಿ ರಾತ್ರಿಗಳು ನೆನಪಾಗಿ ಹೊಟ್ಟೆಯಲ್ಲಿ ನಡುಕ ಬಂತು.

ಕಂಪನಿಗಳು ಕಷ್ಟದಲ್ಲಿವೆ ಅನ್ನುವ ಮಾತು ಬರುತ್ತದೆ. ಗೊತ್ತು. ಸಣ್ಣ ಊರುಗಳಿಗೆ ಅಗ್ಗದ ವಿಮಾನ ಅನ್ನುವ ಸರ್ಕಾರದ ಉಡಾನ್ ಯೋಜನೆಯ ಮಾರ್ಗಗಳಲ್ಲಿ ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇದೆ, ಶುರುವಿನಲ್ಲಿ ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿ ಇತ್ತು. ಸರ್ಕಾರದ ಸಹಾಯಧನ 3 ವರ್ಷ, ಅದು ಮುಗಿದಮೇಲೆ ಎಷ್ಟೋ ಮಾರ್ಗಗಳು ನಿಂತು ಹೋಗುತ್ತವೆ. 2020ರಲ್ಲಿ ಬೀದರ್‌ಗೆ ಹಾರಾಟ ಶುರು ಮಾಡಿದ್ದ ಟ್ರೂಜೆಟ್ 2022ರಲ್ಲಿ ಪೂರ್ತಿ ನಿಂತಿತು. ನಮ್ಮ ಬೆಂಗಳೂರಿನದೇ ಕಿಂಗ್‌ಫಿಷರ್, 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಇಲ್ಲದೆ ಸಿಬ್ಬಂದಿ ಮುಷ್ಕರಕ್ಕೆ ಕೂತು ಬಾಗಿಲು ಹಾಕಿತು. ಕಂಪನಿ ಮುಳುಗಿದರೆ ನಾವೂ ಮುಳುಗುತ್ತೇವೆ, ಅದು ಗೊತ್ತು. ಆದರೆ ಕಷ್ಟ ಇದ್ದರೆ ಇಂಟರ್ವ್ಯೂನಲ್ಲೇ ಹೇಳಬಹುದಿತ್ತಲ್ಲ? ನನ್ನ 18 ಲಕ್ಷ ತಗೊಳ್ಳುವಾಗ ಕಷ್ಟ ಇರಲಿಲ್ಲವಾ?

ಕೊನೆಗೆ ರಾಜೀನಾಮೆ ಕೊಟ್ಟೆ. 2017ರ ಡಿಜಿಸಿಎ ನಿಯಮದಂತೆ ಕೋ-ಪೈಲಟ್ 6 ತಿಂಗಳ ನೋಟಿಸ್ ಕೊಡಬೇಕು, ಕಮಾಂಡರ್ ಆದರೆ 1 ವರ್ಷ. ಆ ಅವಧಿಯಲ್ಲಿ ಪೈಲಟ್‌ನ ನ್ಯಾಯವಾದ ಹಕ್ಕುಗಳನ್ನು ಕಂಪನಿ ಕಿತ್ತುಕೊಳ್ಳಬಾರದು ಅಂತಲೂ ಅದೇ ನಿಯಮದಲ್ಲಿದೆ. ನನಗೆ ಆಗಿದ್ದೇನು? ನೋಟಿಸ್ ಕೊಟ್ಟ ಮೇಲೆ ರೋಸ್ಟರ್‌ನಲ್ಲಿ ನನ್ನ ಹೆಸರೇ ಕಡಿಮೆಯಾಯಿತು. ಹಾರಾಟ ಇಲ್ಲ, ಅಂದರೆ ದುಡ್ಡೂ ಇಲ್ಲ. ಎನ್‌ಒಸಿ ಬಗ್ಗೆ ಮೇಲ್ ಮಾಡಿದರೆ ಒಂದೇ ಸಾಲು: "ಬಾಂಡ್ ಮೊತ್ತ ಇತ್ಯರ್ಥವಾದ ನಂತರ ಪರಿಶೀಲಿಸಲಾಗುವುದು." ಫೋನ್‌ನಲ್ಲಿ ಮಾತ್ರ ಬೇರೆ ಥರ. "ಎಲ್ಲಿಗೆ ಹೋಗ್ತೀರ ಸರ್? ಎಟಿಆರ್ ಓಡಿಸೋ ಕಂಪನಿಗಳು ಎಷ್ಟಿವೆ ದೇಶದಲ್ಲಿ?" ಅದು ನಿಜ. ಬೆರಳೆಣಿಕೆ. ಏರ್‌ಬಸ್‌ಗೆ ಹೋಗಬೇಕಾದರೆ ಮತ್ತೊಂದು ಟೈಪ್ ರೇಟಿಂಗ್, ಮತ್ತೆ ಲಕ್ಷಗಟ್ಟಲೆ. ಇದನ್ನೇ ನಂಬಿಕೊಂಡು ಅವರು ಹೀಗೆ ಮಾತಾಡುತ್ತಾರೆ.

ಈಗ ವಕೀಲರ ಮೂಲಕ ನೋಟಿಸ್ ಕಳಿಸಿದ್ದೇನೆ, ಡಿಜಿಸಿಎಗೂ ದೂರು ಬರೆದಿದ್ದೇನೆ.

ನೀವು ಇಷ್ಟು ಮಾಡಿ. ದುಡ್ಡು ಕಟ್ಟುವ ಮುಂಚೆಯೇ ಬಾಂಡ್‌ನ ಪ್ರತಿ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ, ನಿಜವಾಗಿ ಎದ್ದು ಬನ್ನಿ. ಗ್ಯಾರಂಟಿ ಗಂಟೆ ಎಷ್ಟು, ಎಷ್ಟು ವರ್ಷ ಬದಲಾಯಿಸುವ ಹಾಗಿಲ್ಲ ಅಂತ ಆಫರ್ ಲೆಟರ್‌ನಲ್ಲೇ ಬರೆಸಿಕೊಳ್ಳಿ. ತಾರೀಖಿಲ್ಲದ ಚೆಕ್ ಯಾರಿಗೂ ಕೊಡಬೇಡಿ. ಆ ಕಂಪನಿಯಲ್ಲಿ ಈಗ ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ ಅಂತ ಎಚ್‌ಆರ್‌ಗೆ ಕೇಳಬೇಡಿ, ಅಲ್ಲಿನ ಕೋ-ಪೈಲಟ್‌ಗೆ ಕೇಳಿ. ಅವನ ಹೋದ ತಿಂಗಳ ಪೇಸ್ಲಿಪ್ ಕೇಳಿ. ಅಲ್ಲಿ ಯಾರೂ ಗುರುತಿಲ್ಲದಿದ್ದರೆ ನನ್ನನ್ನೇ ಕೇಳಿ, ನನ್ನದನ್ನು ತೋರಿಸುತ್ತೇನೆ.