ಅಡಾಪಲೀನ್ ಜೆಲ್: 14 ತಿಂಗಳು ಹಚ್ಚಿದ ಮೇಲೆ

ಮುಂಬಯಿಯಲ್ಲಿ ಡೊಂಬಿವಲಿಯಿಂದ ಫೋರ್ಟ್‌ಗೆ ದಿನಾ ಲೋಕಲ್ ರೈಲಿನಲ್ಲಿ ಓಡಾಡುವವಳು ನಾನು. ವಯಸ್ಸು 27. ಕಾಲೇಜು ಮುಗಿಯುವವರೆಗೂ ಮೊಡವೆ ಎಂದರೇನೆಂದು ಗೊತ್ತಿರಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಹಣೆ, ಗಲ್ಲ, ದವಡೆ ತುಂಬ ಎದ್ದವು. ಮಾಟುಂಗಾದಲ್ಲಿ ನಮ್ಮೂರಿನವರ ಪೂಜೆಗೆ ಹೋದರೆ ಮೊದಲ ಮಾತೇ "ಎಂತ ಮಾರಾಯ್ತಿ, ಮೋರೆಗೆ ಎಂತಾಯ್ತು?" ಆ ಪ್ರಶ್ನೆಗೆ ಹೆದರಿ ಎರಡು ಮದುವೆ ತಪ್ಪಿಸಿದ್ದೇನೆ. ಹಾಗೆ ಮನೆಯಲ್ಲೇ ಉಳಿದವರು ಇನ್ನೂ ಇರುತ್ತಾರೆ ಎಂದೇ, ಮೊಡವೆಗೆ ಹಚ್ಚುವ ಈ ಅಡಾಪಲೀನ್ ಜೆಲ್ ಬಗ್ಗೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ತಪ್ಪು ಹೇಳಬೇಕು. ಸ್ಟೇಷನ್ ಹತ್ತಿರದ ಒಂದು ಮೆಡಿಕಲ್‌ನಲ್ಲಿ ಚೀಟಿಯನ್ನೂ ಕೇಳದೆ ಒಂದು ಕ್ರೀಮ್ ಕೊಟ್ಟರು. ಹತ್ತೇ ದಿನದಲ್ಲಿ ಮುಖ ನುಣ್ಣಗೆ, ಬೆಳ್ಳಗೆ. ಬಿಟ್ಟ ವಾರಕ್ಕೆ ಕೆಂಪೆದ್ದು ಉರಿ, ಮೊದಲಿಗಿಂತ ಹೆಚ್ಚು ಗುಳ್ಳೆ. ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ, ಸಣ್ಣಕ್ಷರದ ಸಾಲಿನ ಮೇಲೆ ಉಗುರಿಟ್ಟು ತೋರಿಸಿದರು: ಬೆಟಾಮೆಥಾಸೋನ್. ಅದು ಸ್ಟೀರಾಯ್ಡ್. ಮುಖಕ್ಕೆ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಮೊಡವೆಯನ್ನೂ ಅದೇ ಎಬ್ಬಿಸುತ್ತದೆ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರದಂತೆ 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿತ್ತು. ಆವತ್ತಿನಿಂದ ಡಬ್ಬಿಯ ಮುಂದೆ ಬರೆದ ಭರವಸೆ ಓದುವುದನ್ನೇ ಬಿಟ್ಟೆ. ಹಿಂದೆ ಯಾವ ಔಷಧ, ಶೇಕಡಾ ಎಷ್ಟು, ಅಷ್ಟೇ ನೋಡುತ್ತೇನೆ.

ಚರ್ಮ ಸುಧಾರಿಸಿದ ಮೇಲೆ ಡಾಕ್ಟರು ಬರೆದುಕೊಟ್ಟದ್ದು ಶೇ. 0.1ರ ಅಡಾಪಲೀನ್ ಜೆಲ್. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟು ಇಡೀ ಮುಖಕ್ಕೆ. ಗುಳ್ಳೆ ಇರುವಲ್ಲಿ ಮಾತ್ರ ಹಚ್ಚಿದರೆ ಅರ್ಧ ಕೆಲಸ. ರಂಧ್ರಗಳಲ್ಲಿ ಸತ್ತ ಕೋಶ ಅಂಟಿಕೊಂಡು ಮುಚ್ಚಿಹೋಗದಂತೆ ತಡೆಯುವುದೇ ಇದರ ಗುಣ, ಅಂದರೆ ಇದು ಇನ್ನೂ ಹುಟ್ಟದ ಮೊಡವೆಗೂ ಮದ್ದು.

ಆದರೆ ಮೊದಲ ಎರಡು ತಿಂಗಳು ಕಷ್ಟ. ಒಂದು ದಿನ ಬಿಟ್ಟು ಒಂದು ದಿನ ಹಚ್ಚಿದರೂ ಬಾಯಿಯ ಅಂಚಿನಲ್ಲಿ ಹೊಟ್ಟೆದ್ದು, ಆಕಳಿಸಿದರೆ ಉರಿಯುತ್ತಿತ್ತು. ಐದನೇ ವಾರ ಹೊಸ ಗುಳ್ಳೆಗಳು. ಅಮ್ಮ ವೀಡಿಯೋ ಕಾಲ್‌ನಲ್ಲಿ ನೋಡಿ, "ಅದನ್ನು ಬಿಸಾಡು ಮಗಾ, ಕಡಲೆಹಿಟ್ಟು ಅರಿಶಿನ ಹಚ್ಚು" ಎಂದರು. ಬಿಸಾಡಲಿಲ್ಲ, 12 ವಾರ ಕಾಯಿರಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬೆವರುವ ಮುಂಬಯಿಯಲ್ಲಿ ಮಾಯಿಶ್ಚರೈಸರ್ ಯಾಕೆಂದುಕೊಂಡಿದ್ದೆ. ಜೆಲ್ ಹಚ್ಚುವ ಮೊದಲು ತೆಳ್ಳಗೆ ಸವರತೊಡಗಿದ ಮೇಲೆಯೇ ಉರಿ ನಿಂತದ್ದು.

ಹಣೆಯ ಗುಳ್ಳೆಗಳು ಮಾತ್ರ ಹಟ ಹಿಡಿದವು. ರಾತ್ರಿ ತಲೆಗೆ ತೆಂಗಿನೆಣ್ಣೆ ಹಾಕಿ ಮಲಗುವ ಅಭ್ಯಾಸ ನನ್ನದು, ಅದು ಹಣೆಗಿಳಿದು ರಂಧ್ರ ಕಟ್ಟುತ್ತಿತ್ತು. ಈಗ ಎಣ್ಣೆ ಭಾನುವಾರ ಬೆಳಿಗ್ಗೆ, ಒಂದು ಗಂಟೆ ಬಿಟ್ಟು ತಲೆಸ್ನಾನ. ಹಣೆ ತಿಳಿಯಾಯಿತು.

ಕೀವು ತುಂಬಿದ ಗುಳ್ಳೆಗೆ ಶೇ. 2.5ರ ಬೆಂಜಾಯಿಲ್ ಪೆರಾಕ್ಸೈಡ್ ಕೊಟ್ಟಿದ್ದಾರೆ, ಬೆಳಿಗ್ಗೆ. ಶೇ. 5 ಕೇಳಿದ್ದಕ್ಕೆ, ಗುಣ ಹೆಚ್ಚುಕಡಿಮೆ ಅಷ್ಟೇ, ಉರಿ ಮಾತ್ರ ಜಾಸ್ತಿ ಎಂದರು. ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ದೊಡ್ಡಮ್ಮ ಕಸೂತಿ ಹಾಕಿ ಕೊಟ್ಟಿದ್ದ ನೀಲಿ ದಿಂಬಿನ ಚೀಲದ ಮೇಲೆ, ನನ್ನ ಕೆನ್ನೆ ತಾಗುವ ಜಾಗದಲ್ಲಿ, ಅಂಗೈ ಅಗಲದ ಬಿಳಿಚಿದ ಕಲೆ ಉಳಿದಿದೆ. ಈಗಲೂ ನೋಡಿದರೆ ಸಂಕಟವಾಗುತ್ತದೆ. ಬಿಳಿ ಟವೆಲ್, ಬಿಳಿ ದಿಂಬು ಇಟ್ಟುಕೊಳ್ಳಿ.

ಸನ್‌ಸ್ಕ್ರೀನ್ ಬಿಡಬೇಡಿ. ಗಟ್ಟಿ ಕ್ರೀಮ್ ಘಾಟ್ಕೋಪರ್ ಬರುವಷ್ಟರಲ್ಲಿ ಬೆವರಿಗೆ ಬಿಳಿ ಗೆರೆಯಾಗಿ ಇಳಿಯುತ್ತಿತ್ತು, ಜೆಲ್ ರೂಪದ್ದು ನಿಲ್ಲುತ್ತದೆ.

ನಾಲ್ಕನೇ ತಿಂಗಳಿಗೆ ಹೊಸ ಮೊಡವೆ ವಾರಕ್ಕೆ ಒಂದೋ ಎರಡೋ. ಈಗ ಮುಟ್ಟಿನ ಮುಂಚೆ ಗಲ್ಲದಲ್ಲಿ ಒಂದು ಬಂದರೆ ಬಂತು. ಹಳೆಯ ಕಪ್ಪು ಕಲೆ ಮುಕ್ಕಾಲು ಪಾಲು ಮಾಸಿದೆ, ಎಡಗೆನ್ನೆಯ ಎರಡು ಗುಳಿ ಹಾಗೆಯೇ ಇವೆ. ಗುಳಿ ತುಂಬುವುದು ಈ ಜೆಲ್‌ನಿಂದ ಆಗದ ಕೆಲಸ. ಕಳೆದ ಮಳೆಗಾಲದಲ್ಲಿ, ಎಲ್ಲ ಹೋಯಿತೆಂದು ಆರು ವಾರ ನಿಲ್ಲಿಸಿದ್ದೆ, ದವಡೆಯಲ್ಲಿ ಮತ್ತೆ ಶುರುವಾಯಿತು. ಈಗ ವಾರಕ್ಕೆ ಮೂರು ರಾತ್ರಿ ತಪ್ಪದೆ ಹಚ್ಚುತ್ತೇನೆ.

ಮುಂದಿನ ವರ್ಷ ನನ್ನ ಮದುವೆ. ಬಸುರಿಯರು ಇದನ್ನು ಹಚ್ಚಬಾರದು, ಮಗುವಿನ ಯೋಚನೆ ಬಂದಾಗ ಮೊದಲೇ ಬಂದು ಹೇಳಮ್ಮಾ, ಅಝೆಲಾಯಿಕ್ ಆಸಿಡ್‌ಗೆ ಬದಲಿಸೋಣ ಎಂದು ಡಾಕ್ಟರು ಚೀಟಿಯ ಮೇಲೆಯೇ ಬರೆದುಕೊಟ್ಟಿದ್ದಾರೆ.