ಮೈಸೂರು ಎಲೆ, ನಾಟಿ ಎಲೆ, ಮೀಠಾ ಎಲೆ: ಖಾರ ಬಳ್ಳಿಯದ್ದೋ, ಜಾಗದ್ದೋ?

ಮೈಸೂರು ಎಲೆಯ ಬಳ್ಳಿಯನ್ನು ಬೇರೆ ಊರಲ್ಲಿ ನೆಟ್ಟರೆ ಆ ರುಚಿ ಬರಲ್ಲ ಅನ್ನುವವರು ಒಂದು ಕಡೆ. ಬಳ್ಳಿ ಅದೇ ತಾನೇ, ಎಲ್ಲಿ ನೆಟ್ಟರೇನು ಅನ್ನುವವರು ಇನ್ನೊಂದು ಕಡೆ. ನಮ್ಮ ಮನೆಯಲ್ಲೇ ಈ ಎರಡೂ ಪಕ್ಷಗಳಿವೆ. ಜಗಳ ಮುಗಿಯಲಿ ಅಂತ ಮೂರು ಬಗೆಯ ವೀಳ್ಯದೆಲೆ ಬಳ್ಳಿಗಳನ್ನು ಎರಡು ಜಾಗದಲ್ಲಿ ಬೆಳೆಸಿ ನೋಡಿದೆವು. ಒಂದು, ಬೆಂಗಳೂರಿನ ನಮ್ಮ ತಾರಸಿ. ಕುಂಡದ ಮಣ್ಣು, ಅರ್ಧ ದಿನ ಬಿಸಿಲು. ಇನ್ನೊಂದು, ಸಾಗರದ ಹತ್ತಿರ ನನ್ನ ತವರಿನ ಅಡಿಕೆ ತೋಟ. ಅಲ್ಲಿನ ಬಳ್ಳಿಗಳ ಜವಾಬ್ದಾರಿ ಅತ್ತಿಗೆಯದು.

ಮೊದಲನೆಯದು ಮೈಸೂರು ಎಲೆ. ಎರಡನೆಯದು ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿಕೊಂಡೇ ಇದ್ದ ನಾಟಿ ಎಲೆ. ಮೂರನೆಯದು ನರ್ಸರಿಯಿಂದ ತಂದ ಮೀಠಾ ಎಲೆ, ಬೀಡಾ ಅಂಗಡಿಯವರು ಸಿಹಿ ಪಾನಿಗೆ ಬಳಸುತ್ತಾರಲ್ಲ, ಅದು. ಸವಣೂರಿನ ಎಲೆಯನ್ನೂ ಸೇರಿಸುವ ಆಸೆಯಿತ್ತು, ಬಳ್ಳಿ ಸಿಗಲಿಲ್ಲ.

ಇಂಥ ಹೋಲಿಕೆಗೆ ವೀಳ್ಯದೆಲೆಯಷ್ಟು ಅನುಕೂಲದ ಗಿಡ ಕಡಿಮೆ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೆಳೆಗಾರರು ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡನ್ನೇ ಊರುತ್ತಾರೆ. ಹಾಗಾಗಿ ತಾರಸಿಯಲ್ಲಿರುವ ಮೈಸೂರು ಬಳ್ಳಿಗೂ ತೋಟದಲ್ಲಿರುವ ಅದರ ತುಂಡಿಗೂ ಜೀನ್‌ಗಳಲ್ಲಿ ವ್ಯತ್ಯಾಸವಿಲ್ಲ. ಎಲೆಯಲ್ಲಿ ಏನಾದರೂ ಬದಲಾದರೆ ಅದು ಬಿಸಿಲು, ನೀರು, ಮಣ್ಣು, ಗೊಬ್ಬರದಿಂದಲೇ. ಬೀಜದಿಂದ ಬರುವ ತುಳಸಿಯಲ್ಲಿ ಈ ಮಾತನ್ನು ಇಷ್ಟು ಧೈರ್ಯವಾಗಿ ಹೇಳಲಾಗದು.

ರುಚಿ ನೋಡುವಾಗ ಅಡಿಕೆ, ಸುಣ್ಣ ಯಾವುದೂ ಇಲ್ಲ, ಬರೀ ಎಲೆ. ಕುಡಿಯಿಂದ ಸುಮಾರು ಒಂದೇ ದೂರದಲ್ಲಿರುವ ಎಲೆಗಳನ್ನೇ ಕಿತ್ತೆವು. ಚಿಗುರೆಲೆಗೂ ಬಲಿತ ಎಲೆಗೂ ಹೋಲಿಕೆ ಮಾಡಿದರೆ ನ್ಯಾಯ ಅಲ್ಲ ಅಲ್ವಾ?

ಮೈಸೂರು ಎಲೆಯಲ್ಲಿ ಕಣ್ಣಿಗೇ ವ್ಯತ್ಯಾಸ ಕಂಡಿತು. ತಾರಸಿಯ ಎಲೆ ಚಿಕ್ಕದು, ದಪ್ಪ, ಸ್ವಲ್ಪ ಹಳದಿ ಬೆರೆತ ಹಸಿರು. ತೋಟದ್ದು ಅಂಗೈ ಮೀರುವಷ್ಟು ಅಗಲ, ತೆಳು, ಕಡು ಹಸಿರು. ಅಕ್ಕಪಕ್ಕ ಇಟ್ಟರೆ ಒಂದೇ ಬಳ್ಳಿಯ ಸಂತಾನ ಅಂತ ನಂಬುವುದು ಕಷ್ಟ. ಬಾಯಿಗೆ ಹಾಕಿದರೆ ತಾರಸಿಯ ಎಲೆ ಜಾಸ್ತಿ ಖಾರ, ನಾಲಿಗೆಯ ತುದಿಯಲ್ಲಿ ಚುರ್ ಅನ್ನುತ್ತದೆ. ತೋಟದ ಎಲೆ ಮೆದು, ಖಾರ ನಿಧಾನವಾಗಿ ಬಂದು ಬೇಗ ಹೋಗುತ್ತದೆ. ಆದರೆ ಕಣ್ಣು ಮುಚ್ಚಿ ಮೂಸಿದರೆ ಎರಡರದ್ದೂ ಒಂದೇ ವಾಸನೆ. ಒಂದು ಗಾಢ, ಇನ್ನೊಂದು ತಿಳಿ, ಅಷ್ಟೇ.

ನಾಟಿ ಎಲೆಯ ಕಥೆಯೂ ಹೆಚ್ಚುಕಡಿಮೆ ಹೀಗೇ. ತೋಟದಲ್ಲಿ ಸಾಧುವಾಗಿದ್ದ ಬಳ್ಳಿ ತಾರಸಿಗೆ ಬಂದ ಮೇಲೆ ಕಣ್ಣಲ್ಲಿ ನೀರು ತರಿಸಿತು. ನನ್ನ ಗಂಡ ಅರ್ಧ ಎಲೆಗೇ ಸೋತರು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೀಠಾ. ಅದರಲ್ಲಿ ಸೋಂಪಿನ ವಾಸನೆ ಇದೆ. ಕಾರಣ ಅನೆಥೋಲ್, ಸೋಂಪಿನ ಕಾಳಿನಲ್ಲಿರುವುದೂ ಅದೇ. ತಾರಸಿಯಲ್ಲೂ ಸೋಂಪು, ತೋಟದಲ್ಲೂ ಸೋಂಪು. ಮಳೆಗಾಲದಲ್ಲಿ ವಾಸನೆ ಕುಗ್ಗಿತು, ನಿಜ. ಆದರೂ ಅದು ಒಂದು ಸಲವೂ ಮೈಸೂರು ಎಲೆಯ ಕಡೆ ವಾಲಲಿಲ್ಲ. ಪಕ್ಕದ ಕುಂಡದಲ್ಲಿ ಅದೇ ಮಣ್ಣು, ಅದೇ ನೀರು ಕುಡಿದ ಮೈಸೂರು ಬಳ್ಳಿಗೂ ಸೋಂಪಿನ ಸುಳಿವು ಹತ್ತಲಿಲ್ಲ.

ಇದಕ್ಕೆ ಕಾರಣ ಎಲೆಯೊಳಗಿನ ಕೆಲಸಗಾರರು, ಅಂದರೆ ಕಿಣ್ವಗಳು. ಎಲೆಯ ಖಾರಕ್ಕೆ ಮತ್ತು ಪರಿಮಳಕ್ಕೆ ಕಾರಣವಾದ ಚಾವಿಕಾಲ್, ಹೈಡ್ರಾಕ್ಸಿಚಾವಿಕಾಲ್, ಲವಂಗದಲ್ಲೂ ಇರುವ ಯುಜಿನಾಲ್, ಸೋಂಪಿನ ಅನೆಥೋಲ್ ಎಲ್ಲವೂ ಒಂದೇ ಬಳಗ. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದಿಂದ ಗಿಡ ಇವನ್ನು ಹಂತಹಂತವಾಗಿ ತಯಾರಿಸುತ್ತದೆ. ದಾರಿ ಎಲ್ಲಿ ಕವಲೊಡೆಯಬೇಕು ಎಂದು ತೀರ್ಮಾನಿಸುವುದು ಕಿಣ್ವಗಳು. ಅವುಗಳ ಪಟ್ಟಿ ಇರುವುದು ಜೀನ್‌ಗಳಲ್ಲಿ. ಸೋಂಪಿನ ಕವಲು ಸರಿಯಾಗಿ ತೆರೆಯದ ಬಳ್ಳಿಗೆ ಎಷ್ಟು ಗೊಬ್ಬರ ಸುರಿದರೂ ಸೋಂಪು ಬರುವುದಿಲ್ಲ. ಬಿಸಿಲಿನ ಕೈಯಲ್ಲಿರುವುದು ಪ್ರಮಾಣ. ಬಿಸಿಲು ಚೆನ್ನಾಗಿ ಬಿದ್ದಾಗ ಗಿಡಗಳು ಸಾಮಾನ್ಯವಾಗಿ ಇಂಥ ಪದಾರ್ಥಗಳನ್ನು ಹೆಚ್ಚು ಮಾಡುತ್ತವೆ. ನೆರಳಲ್ಲಿ ಬೆಳಕು ಹಿಡಿಯಲು ಎಲೆ ಅಗಲವಾಗುತ್ತದೆ, ತೆಳುವಾಗುತ್ತದೆ. ಇದ್ದಷ್ಟು ಎಣ್ಣೆ ದೊಡ್ಡ ಎಲೆಗೆಲ್ಲ ಹಂಚಿಹೋಗುತ್ತದೆ.

ನಾವು ಎಣಿಸದೇ ಇದ್ದ ಸಂಗತಿ ಒಂದಿದೆ. ತೋಟದ ಮೈಸೂರು ಬಳ್ಳಿಯದ್ದೇ ಏಪ್ರಿಲ್ ಎಲೆ ಮತ್ತು ಆಗಸ್ಟ್ ಎಲೆ ನಡುವಿನ ಅಂತರ, ತಾರಸಿಗೂ ತೋಟಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಆಗಸ್ಟಿನ ಎಲೆ ನೀರು ಕುಡಿದು ಉಬ್ಬಿದ ಹಾಗೆ, ಸಪ್ಪೆ. ಏಪ್ರಿಲ್‌ನದ್ದು ತಾರಸಿಯ ಎಲೆಗೆ ಹತ್ತಿರ. ಹಾಗಾಗಿ "ಯಾವ ಊರಿನ ಎಲೆ" ಅಂತ ಕೇಳುವವರು "ಯಾವ ತಿಂಗಳದ್ದು" ಅಂತಲೂ ಕೇಳಬೇಕು.

ಇಷ್ಟಾದರೂ ಮೈಸೂರಿನ ಪಕ್ಷದವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೈಸೂರು ವೀಳ್ಯದೆಲೆಗೆ ಜಿಐ, ಅಂದರೆ ಇಂಥ ಊರಿನದ್ದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಕೇರಳದ ತಿರೂರಿನ ಎಲೆಗೆ 2019ರಲ್ಲಿ ಸಿಕ್ಕಿತು. ಮಾನ್ಯತೆ ಬಳ್ಳಿಗಷ್ಟೇ ಅಲ್ಲ, ಊರಿಗೂ ಸೇರಿದ್ದು. ನಮ್ಮ ತಾರಸಿಯ ಎಲೆ ಎಷ್ಟೇ ಖಾರವಾಗಿದ್ದರೂ ಮೈಸೂರು ಎಲೆ ಅಂತ ಮಾರುವ ಹಾಗಿಲ್ಲ. ಮೈಸೂರಿನ ಅಗ್ರಹಾರದಿಂದ ನಂಜನಗೂಡು ರಸ್ತೆಯ ಕಡೆಗಿದ್ದ ಎಲೆತೋಟಗಳಲ್ಲಿ ಎಷ್ಟೋ ಈಗ ಬಡಾವಣೆಗಳಾಗಿವೆ. ಬಳ್ಳಿಯ ತುಂಡು ಉಳಿಸಿಕೊಳ್ಳಬಹುದು, ಆ ಮಣ್ಣನ್ನು ಕುಂಡದಲ್ಲಿ ತುಂಬಿಕೊಂಡು ಹೋಗಲಾದೀತೇ? ಇನ್ನು ಬನಾರಸಿ ಎಲೆಯ ವಿಷಯವೇ ಬೇರೆ. ಅಲ್ಲಿ ಕಿತ್ತ ಮೇಲೆ ಎಲೆಯನ್ನು ಬಿಸಿಯಲ್ಲಿ ಹದ ಮಾಡಿ ಹಸಿರು ಬಣ್ಣ ಇಳಿಸುತ್ತಾರೆ. ಬಳ್ಳಿ, ಜಾಗ ಎರಡರ ಜೊತೆ ಕೈಚಳಕವೂ ಸೇರಿತು.

ತಾರಸಿಗೆ ನನ್ನ ಆಯ್ಕೆ ಮೈಸೂರು ಎಲೆ. ಬಿಸಿಲು ಜಾಸ್ತಿಯಾದರೂ ತಿನ್ನುವಷ್ಟು ಖಾರದಲ್ಲೇ ನಿಲ್ಲುತ್ತದೆ. ನಾಟಿ ಎಲೆ ತೋಟದ ನೆರಳಲ್ಲೇ ಚೆನ್ನ. ತಾರಸಿಯ ನಾಟಿ ಎಲೆ ನಮ್ಮಲ್ಲಿ ಕಷಾಯಕ್ಕೆ ಮೀಸಲಾಗಿದೆ. ಮೀಠಾ ಎಲ್ಲಿ ನೆಟ್ಟರೂ ನಿರಾಸೆ ಮಾಡುವುದಿಲ್ಲ, ಮಕ್ಕಳಿದ್ದ ಮನೆಗೆ ಅದೇ ಸರಿ. ನರ್ಸರಿಯಲ್ಲಿ ಮೈಸೂರು ಎಲೆ ಸಪ್ಪೆ ಅನ್ನಿಸಿದರೆ ಬಿಡಬೇಡಿ. ನೆರಳು ಪರದೆಯ ಕೆಳಗೆ ಬೆಳೆದದ್ದು, ಬಿಸಿಲು ಕಂಡರೆ ಖಾರ ಬರುತ್ತದೆ. ಮೀಠಾ ಕೊಳ್ಳುವಾಗ ಮಾತ್ರ ಅಲ್ಲೇ ಒಂದು ಎಲೆ ಹಿಸುಕಿ ಮೂಸಿ ನೋಡಿ. ಸೋಂಪು ಸ್ವಲ್ಪವೂ ಇಲ್ಲದಿದ್ದರೆ ಆ ಬಳ್ಳಿ ನಿಮ್ಮ ಮನೆಗೆ ಬಂದ ಮೇಲೂ ಮೀಠಾ ಆಗುವುದಿಲ್ಲ.