ಕಂಪನಿ ಪಾರ್ಟು, ಲೋಕಲ್ ಪಾರ್ಟು, ಹಳೇ ಪಾರ್ಟು: ಎರಡು ವೀಡ್ ಕಟರ್‌ಗೆ ಹಾಕಿ ನೋಡಿದ್ದು

2024ರ ಆಗಸ್ಟಿನಲ್ಲಿ ಎರಡನೇ ಕಳೆ ಹೊಡೆಯುತ್ತಿದ್ದಾಗ ನಮ್ಮ ಹುಡುಗ ಮಧ್ಯಾಹ್ನಕ್ಕೇ ಮಿಷನ್ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. "ಅಣ್ಣಾ, ಹಗ್ಗ ಎಳುದ್ರೆ ಸ್ಟಾರ್ಟ್ ಆಯ್ತದೆ, ರೇಸ್ ಕೊಟ್ರೆ ನಿಂತೋಯ್ತದೆ" ಅಂದ. ಸಕಲೇಶಪುರದ ಸುತ್ತ ಕಾಫಿ ತೋಟ ಇಟ್ಟುಕೊಂಡವರಿಗೆ ಈ ಮಾತು ಹೊಸದಲ್ಲ. ಕಳೆ ಸೊಂಟದ ಮಟ್ಟಕ್ಕೆ ಎದ್ದಿರುತ್ತದೆ, ಮಳೆ ಒಂದು ದಿನ ಬಿಡುವು ಕೊಟ್ಟಿರುತ್ತದೆ, ಆ ದಿನವೇ ಮಿಷನ್ ಕೈಕೊಡುತ್ತದೆ. ಆಗ ನಮಗಿರುವುದು ಮೂರು ದಾರಿ. ಕಂಪನಿ ಪಾರ್ಟು ತರಿಸುವುದು, ಅದೇ ಅಳತೆಯ ಲೋಕಲ್ ಪಾರ್ಟು ಕೊಳ್ಳುವುದು, ಇಲ್ಲವೇ ಕೆಟ್ಟು ಮೂಲೆ ಸೇರಿದ ಹಳೇ ಮಿಷನ್‌ನಿಂದ ಬಿಚ್ಚಿ ಹಾಕುವುದು. ಮೂರನ್ನೂ ನಾನು ಮೂರು ಮಳೆಗಾಲ ಹಾಕಿ ನೋಡಿದ್ದೇನೆ.

ನಮ್ಮಲ್ಲಿ ಒಂದೇ ದಿನ ತಂದ, ಒಂದೇ ಮಾದರಿಯ ಎರಡು ಟು ಸ್ಟ್ರೋಕ್ ವೀಡ್ ಕಟರ್ ಇವೆ. ಗುರುತಿಗೆ ಒಂದರ ಹ್ಯಾಂಡಲ್‌ಗೆ ಕೆಂಪು ಪೇಂಟ್, ಇನ್ನೊಂದಕ್ಕೆ ಬಿಳಿ. 2022ರಲ್ಲಿ ಎರಡೂ ಒಟ್ಟೊಟ್ಟಿಗೆ ರಿಪೇರಿಗೆ ಬರತೊಡಗಿದಾಗ ಒಂದು ಕಟ್ಟುಪಾಡು ಹಾಕಿಕೊಂಡೆ. ಕೆಂಪಿಗೆ ಕಂಪನಿ ಪಾರ್ಟು ಮಾತ್ರ, ಬಿಳಿಗೆ ಲೋಕಲ್ ಮಾತ್ರ. ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಅದೇ ಮಾದರಿಯ ಮೂರನೆಯದೊಂದು ಪಿಸ್ಟನ್ ಹಿಡಿದು, ಅಂದರೆ ಸಿಲಿಂಡರಿನೊಳಗೆ ಸಿಕ್ಕಿಕೊಂಡು, ಬಿದ್ದಿತ್ತು. ಅದನ್ನು ಕೇಳಿ ತಂದು, ಬಿಚ್ಚಿ, ಉಳಿದ ಪಾರ್ಟುಗಳನ್ನೆಲ್ಲ ಡಬ್ಬಿಗೆ ತುಂಬಿಟ್ಟೆ. ಯಾವ ಪಾರ್ಟು ಯಾವ ದಿನ ಹಾಕಿದ್ದು, ಎಷ್ಟಕ್ಕೆ ತಂದದ್ದು ಅನ್ನುವುದನ್ನು ಕೊಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿದ್ದೇನೆ. ಮಿಷನ್ ಯಾವ ಕಂಪನಿಯದು ಅನ್ನುವುದು ಇಲ್ಲಿ ದೊಡ್ಡ ವಿಷಯವಲ್ಲ. ಈ ಗಾತ್ರದ ಟು ಸ್ಟ್ರೋಕ್ ಮಿಷನ್‌ಗಳ ಒಳಗೆಲ್ಲ ಹೆಚ್ಚುಕಡಿಮೆ ಒಂದೇ ತರಹ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ವಿಷಯ ಮೊದಲು ಹೇಳುತ್ತೇನೆ. ನನ್ನ ದುಡ್ಡು ಹೆಚ್ಚು ಹೋದದ್ದೂ ಅದಕ್ಕೇ, ಕಲಿತದ್ದೂ ಅದರಿಂದಲೇ.

ಹಳೇ ಬೈಕಿನ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲಲು ಒಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ವೀಡ್ ಕಟರ್ ಅನ್ನು ಇಳಿಜಾರಿನಲ್ಲಿ ಓರೆ ಮಾಡಿ, ವಾಲಿಸಿ ಹೊಡೆಯಬೇಕಲ್ಲ, ಅದಕ್ಕೆ ಇದರಲ್ಲಿ ಬಟ್ಟಲಿಲ್ಲ. ಬದಲಿಗೆ ಎರಡು ತೆಳ್ಳನೆಯ ಹಾಳೆಗಳಿವೆ, ಡಯಾಫ್ರಮ್ ಅಂತ. ಒಂದು ಹಾಳೆ ಇಂಜಿನ್ನಿನ ಒತ್ತಡ ಏರಿಳಿದ ಹಾಗೆ ಮಿಡಿಯುತ್ತಾ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಹಾಳೆ ಪುಟ್ಟ ಲಿವರನ್ನು ಒತ್ತಿ, ಸೂಜಿ ತೆರೆದು, ಇಂಜಿನ್ ಕೇಳಿದಷ್ಟು ಒಳಗೆ ಬಿಡುತ್ತದೆ. ಈ ಹಾಳೆ ಗಡುಸಾಯಿತೆಂದರೆ ಸೂಜಿ ಪೂರ್ತಿ ತೆರೆಯುವುದಿಲ್ಲ. ಬರೀ ಐಡ್ಲಿಂಗ್‌ಗೆ ಸಾಲುವಷ್ಟು ಪೆಟ್ರೋಲ್ ಬರುತ್ತದೆ, ರೇಸ್ ಕೊಟ್ಟರೆ ಸಾಲದೆ ನಿಲ್ಲುತ್ತದೆ. ನಮ್ಮ ಹುಡುಗ ಹೇಳಿದ್ದು ಅದನ್ನೇ.

ಈಗೀಗ ಈ ತೊಂದರೆ ಹೆಚ್ಚು ಕಾಣುತ್ತಿದ್ದೇನೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ಈಗ ಬಂಕಿನಲ್ಲಿ ನಮಗೆ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲೇ. ಎಥೆನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅರ್ಧ ತುಂಬಿದ ಪೆಟ್ರೋಲ್ ಕ್ಯಾನನ್ನು ಹದಿನೈದು ದಿನ ಇಟ್ಟರೆ ಎಷ್ಟು ತೇವ ಸೇರಬಹುದು, ನೀವೇ ಯೋಚಿಸಿ. ಎಥೆನಾಲ್ ತಡೆಯಲೆಂದು ಮಾಡಿರದ ರಬ್ಬರ್ ಅದರಲ್ಲಿ ನೆನೆದು ಉಬ್ಬುತ್ತದೆ, ಒಣಗಿದರೆ ಬಿರುಸಾಗುತ್ತದೆ.

ಕೆಂಪು ಮಿಷನ್‌ಗೆ ಕಂಪನಿ ಕಾರ್ಬೊರೇಟರ್ ತರಿಸಿದೆ. 2,800 ರೂಪಾಯಿ, ಹಾಸನದಿಂದ ಬರಲು ಒಂಬತ್ತು ದಿನ. ಬಿಳಿಗೆ ಲೋಕಲ್ ಕಾರ್ಬೊರೇಟರ್, 450 ರೂಪಾಯಿ, ಅಂಗಡಿಯಲ್ಲಿ ನಿಂತಲ್ಲೇ ಸಿಕ್ಕಿತು. ಮೊದಲ ವಾರ ನೋಡಿದವರು ಯಾರಾದರೂ ಲೋಕಲ್ಲೇ ಮೇಲು ಅನ್ನುತ್ತಿದ್ದರು. ಒಂದೇ ಎಳೆತಕ್ಕೆ ಸ್ಟಾರ್ಟ್, ಕೆಂಪಿಗಿಂತ ಜೋರು ಸದ್ದು, ಜೋರು ಓಟ. ಹುಡುಗ ಬಿಳಿ ಮಿಷನ್ನೇ ಬೇಕು ಅಂತ ಹಟ ಹಿಡಿದಿದ್ದ.

ಎರಡನೇ ವಾರ ಎರಡರ ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿದೆ. ಕೆಂಪಿನ ಪ್ಲಗ್ ತುದಿ ಹದವಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕಿತ್ತು. ಬಿಳಿಯದು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಆ ಜೋರು ಓಟದ ಗುಟ್ಟು ಇದೇ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಟು ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಬೇರೆ ಬರುವುದಿಲ್ಲ, ಪೆಟ್ರೋಲ್ ಜೊತೆಗೇ ಬರಬೇಕು. ಪೆಟ್ರೋಲ್ ಕಡಿಮೆ ಬಂತೆಂದರೆ ಆಯಿಲ್ಲೂ ಕಡಿಮೆ ಬಂತು ಅಂತಲೇ ಲೆಕ್ಕ. ಇಂಜಿನ್ ಬಿಸಿಯೂ ಏರುತ್ತದೆ, ಜಿಡ್ಡೂ ಸಾಲುವುದಿಲ್ಲ, ಪಿಸ್ಟನ್ ಹಿಡಿಯುತ್ತದೆ. ಚಿಕ್ಕಪ್ಪನ ಮಿಷನ್ ಹೋದದ್ದು ಹಾಗೆಯೇ. ತಕ್ಷಣ ಎಚ್ ಅಂತ ಬರೆದಿರುವ, ಪೂರ್ತಿ ರೇಸಿಗೆ ಎಷ್ಟು ಪೆಟ್ರೋಲ್ ಅನ್ನುವುದನ್ನು ಹೊಂದಿಸುವ ಸ್ಕ್ರೂವನ್ನು ಕಾಲು ಸುತ್ತು ಬಿಚ್ಚಿ, ಪೂರ್ತಿ ರೇಸಿನಲ್ಲಿ ಸದ್ದು ಸ್ವಲ್ಪ ಒಡೆದು ಬರುವ ಹಾಗೆ ಇಟ್ಟೆ. ಅಷ್ಟಕ್ಕೆ ಸರಿಹೋಯಿತು. ಆದರೆ ಮರುವರ್ಷ ಮಳೆ ಹಿಡಿಯುವಷ್ಟರಲ್ಲಿ ಅದರ ಡಯಾಫ್ರಮ್ ಗಡುಸಾಗಿತ್ತು. ಇನ್ನೊಂದು ಲೋಕಲ್ ತಂದೆ. ರೇಸ್ ಕೊಟ್ಟಾಗ ತಿರುಗುವ ಅದರ ಥ್ರಾಟಲ್ ಕಡ್ಡಿ ಹೊಸದರಲ್ಲೇ ಲಟಲಟ ಅಲ್ಲಾಡುತ್ತಿತ್ತು. ಆ ಸಂದಿನಿಂದ ಗಾಳಿ ಎಳೆದುಕೊಳ್ಳುವ ಕಾರ್ಬೊರೇಟರನ್ನು ಯಾವ ಸ್ಕ್ರೂ ತಿರುಗಿಸಿದರೂ ಟ್ಯೂನಿಂಗ್‌ಗೆ ತರಲಾಗುವುದಿಲ್ಲ. 2024ರ ಆಗಸ್ಟಿನಲ್ಲಿ ಹುಡುಗ ಹೊತ್ತು ತಂದದ್ದು ಈ ಎರಡನೆಯದನ್ನೇ.

ಅವತ್ತು ಕಟ್ಟುಪಾಡು ಮುರಿದೆ. ಡಬ್ಬಿಯಿಂದ ಚಿಕ್ಕಪ್ಪನ ಮಿಷನ್ನಿನ ಹಳೇ ಕಾರ್ಬೊರೇಟರ್ ತೆಗೆದು ಜಗಲಿಯ ಮೇಲೆ ಬಿಳಿ ಪಂಚೆ ಹಾಸಿ ಕೂತೆ. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ, ಒಳಗಿನ ಹಾಳೆ ಒಣಗಿದ ಬಾಳೆಪಟ್ಟೆಯ ಹಾಗೆ ಕೈಯಲ್ಲಿ ಚರಚರ ಅಂದಿತು. ಅದರ ಪಕ್ಕದಲ್ಲೇ ಕಂಪನಿಯ ರಿಪೇರಿ ಕಿಟ್ಟಿನ ಹೊಸ ಹಾಳೆ ಇಟ್ಟು ಮುಟ್ಟಿದೆ, ಎಳೇ ವೀಳ್ಯದೆಲೆಯಷ್ಟು ಮೆತ್ತಗೆ, ಬೆರಳಿಟ್ಟರೆ ಬಾಗಿ ವಾಪಸ್ ಬರುತ್ತದೆ. ಆ ಕಿಟ್ಟಿಗೆ ಕೊಟ್ಟದ್ದು 380 ರೂಪಾಯಿ. ಬಾಡಿಯನ್ನು ಕಾರ್ಬೊರೇಟರ್ ಕ್ಲೀನರ್ ಹೊಡೆದು ತೊಳೆದು, ತೂತುಗಳಿಗೆ ಸೈಕಲ್ ಪಂಪಿನಿಂದ ಗಾಳಿ ಕೊಟ್ಟೆ. ತೂತಿಗೆ ತಂತಿ ಮಾತ್ರ ಹಾಕಬೇಡಿ, ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಟ್ಟಿತು. ಹಾಳೆ ಮತ್ತು ಗ್ಯಾಸ್ಕೆಟ್ (ಸಂದಿನಿಂದ ಸೋರದ ಹಾಗೆ ಇಡುವ ಪಟ್ಟಿ) ಇಡುವ ಕ್ರಮವೂ ಮುಖ್ಯ. ನನ್ನದರಲ್ಲಿ ಲಿವರ್ ಇರುವ ಬದಿಗೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಹಾಳೆ. ಪಂಪ್ ಬದಿಗೆ ಮೊದಲು ಹಾಳೆ, ಮೇಲೆ ಗ್ಯಾಸ್ಕೆಟ್. ಬಿಚ್ಚುವಾಗಲೇ ಮೊಬೈಲಿನಲ್ಲಿ ಫೋಟೊ ಹಿಡಿದುಕೊಂಡರೆ ಯಾವ ಮಿಷನ್ ಆದರೂ ಗೊಂದಲವಿಲ್ಲ.

ಆ ಕಾರ್ಬೊರೇಟರ್ ಈಗಲೂ ಚೆನ್ನಾಗಿದೆ. 2,800ರ ಹೊಸ ಕಂಪನಿ ಕಾರ್ಬೊರೇಟರ್‌ಗೂ, 380ರ ಕಿಟ್ ಹಾಕಿದ ಹಳೇ ಕಂಪನಿ ಬಾಡಿಗೂ ಕೆಲಸದಲ್ಲಿ ನನಗೆ ವ್ಯತ್ಯಾಸವೇ ಸಿಕ್ಕಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಖಚಿತ. ಕಾರ್ಬೊರೇಟರ್ ಕೆಟ್ಟರೆ ಮೊದಲು ಕಿಟ್ ಕೇಳಿ. ಹಳೇ ಬಾಡಿಯನ್ನು ಗುಜರಿಗೆ ಹಾಕಬೇಡಿ. ಕಾಲು ಬೆಲೆಯೂ ಇಲ್ಲದ ಲೋಕಲ್ ಕಾರ್ಬೊರೇಟರ್ ನನಗೆ ಎಲ್ಲಕ್ಕಿಂತ ದುಬಾರಿಯಾಯಿತು.

ಪೆಟ್ರೋಲ್ ಪೈಪಿಗೂ ಇದೇ ಮಾತು. ಮೀಟರ್ ಲೆಕ್ಕದಲ್ಲಿ ಕೊಡುವ ಪಾರದರ್ಶಕ ಪೈಪ್ ಒಂದೇ ಹಂಗಾಮಿಗೆ ಹಳದಿಯಾಗಿ ಕಡ್ಡಿಯಂತಾಯಿತು. ಕಂಪನಿಯದು ಈಗಲೂ ಮೆತ್ತಗಿದೆ. ಹಳೇ ಮಿಷನ್ನಿನ ರಬ್ಬರ್ ಸಾಮಾನನ್ನಂತೂ ಮುಟ್ಟಲೇಬೇಡಿ.

ಪ್ಲಗ್ಗಿನಲ್ಲಿ ಲೆಕ್ಕ ತಿರುಗಾಮುರುಗಾ. ಕಂಪನಿ ಡಬ್ಬಿಯಲ್ಲಿ ಬಂದ ಪ್ಲಗ್ಗಿನ ಮೇಲೂ ಇದ್ದದ್ದು ಪ್ಲಗ್ ಮಾಡುವವರ ಹೆಸರೇ. ಅದೇ ನಂಬರಿನದು ಆಟೊಮೊಬೈಲ್ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ. ನಂಬರ್ ನೋಡಿ ತನ್ನಿ ಅಷ್ಟೇ, "ಬೈಕಿಂದು ಆಯ್ತದೆ ತಗಳಿ" ಅಂದರೆ ಒಪ್ಪಬೇಡಿ. ಥ್ರೆಡ್ ಉದ್ದ ಇರುವ ಪ್ಲಗ್ ಒಳಗೆ ಇಳಿದರೆ ಪಿಸ್ಟನ್ ತಲೆಗೆ ಬಡಿಯುತ್ತದೆ. ನಮ್ಮ ಮಿಷನ್‌ಗೆ ಪ್ಲಗ್ ತುದಿಯ ಗ್ಯಾಪ್ 0.5 ಮಿ.ಮೀ.

ಸ್ಟಾರ್ಟರ್ ಹಗ್ಗದಲ್ಲಿ ಲೋಕಲ್ಲೇ ಗೆದ್ದದ್ದು, ಅದರಲ್ಲಿ ಎರಡು ಮಾತಿಲ್ಲ. ಹಾರ್ಡ್‌ವೇರ್ ಅಂಗಡಿಯ ಹೆಣೆದ ನೈಲಾನ್ ಹಗ್ಗ, ಹಳೆಯದರಷ್ಟೇ ದಪ್ಪದ್ದು, ಮೀಟರಿಗೆ ಹದಿನೈದು ರೂಪಾಯಿ. ತುದಿಯನ್ನು ದೀಪಕ್ಕೆ ಹಿಡಿದು ಕರಗಿಸಿ ಬಿಗಿ ಗಂಟು ಹಾಕಿದರೆ ಕಂಪನಿ ಹಗ್ಗದಷ್ಟೇ ಬಾಳುತ್ತದೆ. ಒಳಗಿನ ಸ್ಪ್ರಿಂಗ್ ಚಿಮ್ಮುವ ಪೈಕಿ, ಮುಖ ದೂರ ಇಟ್ಟು ಬಿಚ್ಚಿ.

ಬ್ಲೇಡಿನ ಬದಲು ಹಾಕಿ ಹುಲ್ಲು ಹೊಡೆಯುವ ನೈಲಾನ್ ದಾರದಲ್ಲಿಯೂ ಲೋಕಲ್ ತಳ್ಳಿಹಾಕುವಂತಿಲ್ಲ. ಅಗ್ಗದ ದಾರ ಬಿಸಿಗೆ, ಅದನ್ನು ಸುತ್ತಿಡುವ ಬಾಬಿನ್ ಒಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ ನಿಜ. ಒಣಗಿದ ದಾರ ಪಟಪಟ ತುಂಡಾಗುವುದೂ ನಿಜ. ಆದರೆ ನೈಲಾನ್ ನೀರು ಹೀರಿದರೆ ಮೆತ್ತಗಾಗುತ್ತದೆ. ಹಿಂದಿನ ರಾತ್ರಿ ಸುರುಳಿಯನ್ನು ಬಕೆಟ್ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಸುತ್ತಿದರೆ ಎರಡಕ್ಕೂ ಅಂತರ ಬಹಳ ಕಡಿಮೆ. ಎಳೇ ಕಾಫಿ ಗಿಡದ ಬುಡಕ್ಕೆ ಮಾತ್ರ ಯಾವ ದಾರವನ್ನೂ ಒಯ್ಯಬೇಡಿ, ಸಿಪ್ಪೆ ಸುಲಿದುಹೋಗುತ್ತದೆ. ಬುಡ ಬಿಡಿಸುವುದನ್ನು ಕತ್ತಿಯಲ್ಲೇ ಮಾಡಿಸುತ್ತೇನೆ.

ಇನ್ನು ಹಣದ ಲೆಕ್ಕ ಬದಿಗಿಡಬೇಕಾದ ಎರಡು ಪಾರ್ಟುಗಳಿವೆ, ಕ್ಲಚ್ ಮತ್ತು ಬ್ಲೇಡ್. ರೇಸ್ ಬಿಟ್ಟಾಗ ಬ್ಲೇಡನ್ನು ಇಂಜಿನ್ನಿನಿಂದ ಬಿಡಿಸುವುದು ಕ್ಲಚ್. ಬಿಳಿ ಮಿಷನ್‌ಗೆ ಲೋಕಲ್ ಕ್ಲಚ್ ಹಾಕಿದ್ದೆ. ಎರಡೇ ತಿಂಗಳಿಗೆ ಅದರ ಸ್ಪ್ರಿಂಗ್ ಸಡಿಲವಾಯಿತು. ರೇಸ್ ಬಿಟ್ಟರೂ ಬ್ಲೇಡ್ ತಿರುಗುತ್ತಲೇ ಇತ್ತು. ಹುಡುಗ ಅದನ್ನು ಗಮನಿಸದೆ, ಕಾಲಿಗೆ ಸುತ್ತಿದ ಬಳ್ಳಿ ಬಿಡಿಸಲು ಬಗ್ಗಿದ್ದಾನೆ. ನಾನು ಹತ್ತು ಮಾರು ದೂರದಿಂದ ಕೂಗಿದೆ. ಬ್ಲೇಡ್ ಅವನ ಗಮ್‌ಬೂಟಿನ ಮುಂಭಾಗ ಸೀಳಿತ್ತು, ಬೆರಳು ಉಳಿದವು. ಆ ಸೀಳಿದ ಬೂಟನ್ನು ನಾನು ಎಸೆದಿಲ್ಲ, ಮಿಷನ್ ಇಡುವ ಕೋಣೆಯಲ್ಲೇ ಮೊಳೆಗೆ ತೂಗುಹಾಕಿದ್ದೇನೆ. ಅವತ್ತು ಸಂಜೆಯೇ ಕಂಪನಿ ಕ್ಲಚ್ಚಿಗೆ ಹೇಳಿದೆ. ಬರುವ ತನಕ ಚಿಕ್ಕಪ್ಪನ ಮಿಷನ್ನಿನ ಹಳೇ ಕ್ಲಚ್ ಹಾಕಿಸಿದೆ, ಅದು ಸರಿಯಾಗಿ ಬಿಡುತ್ತಿತ್ತು.

ಬ್ಲೇಡಿನದೂ ಅದೇ ಕಥೆ. ಮಧ್ಯದ ತೂತಿನ ಅಳತೆ ಕೆಲವು ಮಿಷನ್‌ಗೆ 20 ಮಿ.ಮೀ., ಹಲವಕ್ಕೆ 25.4 ಮಿ.ಮೀ. ದೊಡ್ಡ ತೂತಿನ ಬ್ಲೇಡನ್ನು ಸಣ್ಣ ಬಾಸಿಗೆ (ಬ್ಲೇಡಿನ ತೂತು ಕೂರುವ ಉಬ್ಬಿಗೆ) ಬಿಗಿದರೆ ಅದು ನಡುವಿಗೆ ಕೂರುವುದಿಲ್ಲ, ಮಿಷನ್ ಇಡೀ ನಡುಗುತ್ತದೆ, ಸಂಜೆಗೆ ಕೈ ಮರಗಟ್ಟುತ್ತದೆ. ಕಲ್ಲಿಗೆ ತಾಗಿ ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬ್ಲೇಡ್ ಬಿಚ್ಚುವ ನಟ್ ಬಹಳಷ್ಟು ಮಿಷನ್‌ಗಳಲ್ಲಿ ಎಡ ಥ್ರೆಡ್ಡಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಇನ್ನಷ್ಟು ಬಿಗಿ ಮಾಡಿ ಥ್ರೆಡ್ ತಿಂದವರು ನಮ್ಮೂರಲ್ಲೇ ಇಬ್ಬರಿದ್ದಾರೆ.

ಯಾವ ಪಾರ್ಟೂ ಬೇಡದ ಒಂದು ರಿಪೇರಿಯನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಕೆಂಪು ಮಿಷನ್ ಎಳೆಯುವುದೇ ಕಡಿಮೆಯಾಯಿತು. ಒಬ್ಬ ಮೆಕ್ಯಾನಿಕ್ ನೋಡಿ ಪಿಸ್ಟನ್ ಸೆಟ್ಟೇ ಹೋಗಿದೆ ಅಂದರು. ಸೈಲೆನ್ಸರ್ ಬಿಚ್ಚಿದರೆ ಒಳಗಿನ ಸಣ್ಣ ಜಾಲರಿ ಮಸಿಯಿಂದ ಪೂರ್ತಿ ಕಟ್ಟಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿ ಹಾಕಿದೆ, ಹೊಸದರ ಹಾಗೆ ಎಳೆಯಿತು. ಅಲ್ಲಿಯ ತನಕ ಆಯಿಲ್ಲನ್ನು ಅಂದಾಜಿಗೆ ಸುರಿಯುತ್ತಿದ್ದೆವು. ಈಗ ಅಳೆದೇ ಹಾಕುತ್ತೇವೆ. ಮಿಷನ್ನಿನ ಪುಸ್ತಕದಲ್ಲಿ ಬರೆದ ಹಾಗೆ ಕಂಪನಿ ಆಯಿಲ್ ಆದರೆ 1:50, ಅಂದರೆ ಲೀಟರಿಗೆ 20 ಮಿ.ಲೀ. ಬೇರೆ ಟು ಟಿ (ಟು ಸ್ಟ್ರೋಕ್) ಆಯಿಲ್ ಆದರೆ 1:25, ಲೀಟರಿಗೆ 40.

ಏರ್ ಫಿಲ್ಟರನ್ನು ಕೊನೆಗೆ ಇಟ್ಟುಕೊಂಡದ್ದು ಯಾಕೆಂದರೆ ಅದರ ಫಲಿತಾಂಶ ನನಗೆ ಗೊತ್ತಾದದ್ದೇ ಮೂರು ವರ್ಷಕ್ಕೆ. ಲೋಕಲ್ ಫೋಮ್ ನಲವತ್ತು ರೂಪಾಯಿ, ಕಂಪನಿ ಫಿಲ್ಟರ್ ಮುನ್ನೂರರ ಹತ್ತಿರ. ಓಟದಲ್ಲಿ ಏನೇನೂ ವ್ಯತ್ಯಾಸ ಇರಲಿಲ್ಲ, ಆದ್ದರಿಂದ ಈ ಒಂದರಲ್ಲಿ ಲೋಕಲ್ಲೇ ಸಾಕು ಅಂತ ಪುಸ್ತಕದಲ್ಲಿ ಬರೆದೂ ಇಟ್ಟಿದ್ದೆ. 2025ರ ಏಪ್ರಿಲ್‌ನಲ್ಲಿ ಬಿಳಿ ಮಿಷನ್ನಿನ ಹಗ್ಗ ಎಳೆಯುವಾಗ ಕೈಗೆ ತಡೆಯೇ ಸಿಗುತ್ತಿರಲಿಲ್ಲ. ಸೈಲೆನ್ಸರ್ ತೆಗೆದು ಆ ಕಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿದೆ. ಮೈತುಂಬ ಉದ್ದುದ್ದ ಗೀರು. ಪಕ್ಕದಲ್ಲೇ ಕೆಂಪಿನದನ್ನೂ ತೆಗೆದು ನೋಡಿದೆ. ಅದರ ಪಿಸ್ಟನ್ ಮೇಲೆ ಕಾರ್ಖಾನೆಯಲ್ಲಿ ಕಡೆದ ಸಣ್ಣ ಗೆರೆಗಳು ಇನ್ನೂ ಕಾಣುತ್ತಿದ್ದವು. ಬಿಳಿಯ ಫೋಮನ್ನು ಬೆಳಕಿಗೆ ಹಿಡಿದರೆ ಆಚೆಗಿನ ಸಿಲ್ವರ್ ಓಕ್ ಮರ ಕಾಣುತ್ತಿತ್ತು. ಬೇಸಿಗೆಯಲ್ಲಿ ರಸ್ತೆಬದಿಯ ಹುಲ್ಲು ಹೊಡೆಯುವಾಗ ಏಳುವ ಕೆಂಪು ಧೂಳೆಲ್ಲ ಅದರೊಳಗಿಂದಲೇ ಸಿಲಿಂಡರಿಗೆ ಇಳಿದಿದೆ. ಮೊದಲೆರಡು ವರ್ಷ ಪೆಟ್ರೋಲ್ ಕಡಿಮೆ ಬಿಟ್ಟ ಕಾರ್ಬೊರೇಟರಿನದೂ ಒಂದು ಪಾಲು ಇರಬಹುದು, ಆದರೆ ಕಾರ್ಬೊರೇಟರ್ ಪಕ್ಕದ ಗೋಡೆಗೆ ಅಂಟಿದ್ದ ನಯವಾದ ಮಣ್ಣನ್ನು ನಾನೇ ಬೆರಳಲ್ಲಿ ಒರೆಸಿ ನೋಡಿದೆ.

ಸಿಲಿಂಡರ್‌ಗೆ ಹಳೇ ಪಾರ್ಟಿನ ದಾರಿ ಇಲ್ಲ, ಚಿಕ್ಕಪ್ಪನದು ಹಿಡಿದೇ ಹಾಳಾದದ್ದು. ಲೋಕಲ್ ಸೆಟ್ 900, ಕಂಪನಿ ಸೆಟ್ 5,600. ಎರಡು ದಿನ ಯೋಚಿಸಿ ಹಾಸನಕ್ಕೆ ಹೋಗಿ ಕಂಪನಿಯದಕ್ಕೇ ಮುಂಗಡ ಕೊಟ್ಟು, ಜೊತೆಗೆ ಎರಡು ಫಿಲ್ಟರ್ ತಂದೆ. ಮೊದಲ ಕಳೆಗೆ ಮುಂಚೆ ಬರುತ್ತದೆ ಅಂದಿದ್ದಾರೆ. ಬಿಳಿ ಮಿಷನ್ನಿನ ಸೈಲೆನ್ಸರ್ ಕಂಡಿಗೆ ಶುಭ್ರವಾದ ಬಟ್ಟೆ ತುರುಕಿ, ಮೇಲೆ ಕಾಫಿ ಚೀಲ ಹೊದಿಸಿ, ಬೂಟು ತೂಗಿದ ಮೊಳೆಯ ಕೆಳಗೇ ಇಟ್ಟಿದ್ದೇನೆ.